ಕೆಳಗಿಡದ ಗಂಟು

"ಅವ್ವಾ, ಅಪ್ಪನ ಫೋಟೋ ಬೇಕಾಗೈತಿ. ಸ್ಟೇಜಿನ ಮ್ಯಾಲ ಇಡ್ತೀವಿ."

ಮಗ ಹಿಂಗ ಕೇಳಿದಾಗ ನಾ ರೊಟ್ಟಿ ಬಡ್ಯಾಕತ್ತಿದ್ದೆ. ಯಾವ ಸ್ಟೇಜು, ಯಾಕ ಅಂತ ಕೇಳಿದೆ. ಹೈದರಾಬಾದಿನ ನಮ್ಮ ಕನ್ನಡ ಮಂದಿಯ ಸಂಘವೊಂದು ಚರ್ಚಾಸ್ಪರ್ಧೆ ಇಟ್ಟಿತ್ತು. ಭಯೋತ್ಪಾದಕರ ಮೇಲೆ ಸೇನೆ ನಡೆಸುವ ಡ್ರೋನ್ ದಾಳಿ ನ್ಯಾಯವೇ ಅನ್ನೋದು ವಿಷಯ. ಮಗ ಲಾ ಓದ್ತಾನ, ಮಾತಿನ್ಯಾಗ ಚುರುಕು. ನ್ಯಾಯ ಅನ್ನವರ ಕಡೆ ನಿಂತಿದ್ದ. ಬಾಂಬಿನ್ಯಾಗ ಸತ್ತ ಅಪ್ಪನ ಫೋಟೋ ಮೇಜಿನ ಮ್ಯಾಲಿಟ್ಟು, ಹಾರ ಹಾಕಿ, ಆಮ್ಯಾಲ ಮಾತು ಶುರು ಮಾಡಿದ್ರ ಭಾರಿ ಪರಿಣಾಮ ಆಗ್ತೈತಿ ಅಂತ ಸಂಘದ ಕಾರ್ಯದರ್ಶಿ ಹೇಳಿದ್ರಂತ.

ಪರಿಣಾಮ! ನನಗ ಅಡಿಯಿಂದ ಮುಡಿತನಕ ಉರೀತು. ನನ್ನ ಗಂಡ ಸತ್ತದ್ದು ಇವರ ಸ್ಟೇಜಿನ ಶೋಭಾಕ್ಕೇನು? ಹಂಚಿನ ಮ್ಯಾಲಿನ ರೊಟ್ಟಿ ಕರಕಾತು. ಅದನ್ನ ಹಂಗ ತಗದು ಬದಿಗಿಟ್ಟೆ.

ಒಂದು ಮಾತು ಮೊದಲ ಹೇಳಿಬಿಡ್ತೀನಿ, ಆಮ್ಯಾಲ ಯಾರೂ ನನ್ನ ಮ್ಯಾಲ ತಪ್ಪು ಹೊರಿಸಬಾರದು. ಆ ಬಾಂಬ್ ಇಟ್ಟವರು ಸಾಯ್ಲಿ ಅಂತ ನಾ ದೇವರ ಮುಂದ ದೀಪ ಹಚ್ಚಿ ಬೇಡೀನಿ. ಅವರ ಮನಿ ಹಾಳಾಗ್ಲಿ ಅಂತ ಮಣ್ಣು ತೂರಿ ಬೈದೀನಿ. ನನ್ನ ಗಂಡ ಮಲ್ಕಾಜ್‌ಗಿರಿಯೊಳಗ ರೈಲ್ವೆ ನೌಕರ. ಮಗಗ ಚಪ್ಪಲಿ ತರತೀನಿ ಅಂತ ಸಂಜಿಕ ಬಜಾರಕ್ಕ ಹೋದ. ವಾಪಸ್ ಬರೂ ಮುಂದ ಬಸ್ ಸ್ಟಾಪಿನ್ಯಾಗ ನಿಂತಲ್ಲೇ ಮುಗದು ಹೋತು. ಯಾವ ಬಜಾರು ಅಂತ ನಾ ಬರಿಯಂಗಿಲ್ಲ. ಆ ಹೆಸರು ನಮ್ಮ ಮನ್ಯಾಗ ಯಾರೂ ಎತ್ತಂಗಿಲ್ಲ. ಆ ಕಡೆ ಹೋಗೂ ಬಸ್ ಬಂದ್ರ ಈಗೂ ನಾ ಮಾರಿ ತಿರುಗಿಸಿ ನಿಲ್ತೀನಿ. ಹಂಗಾಗಿ ಆ ಮಂದಿಗೆ ಮರುಗೂ ಮನಸ್ಸು ನನ್ನ ಹತ್ರ ಇಲ್ಲ, ಇರಲಿ ಅಂತ ಯಾರೂ ಬುದ್ಧಿ ಹೇಳಾಕೂ ಬರಬ್ಯಾಡ್ರಿ.

ಫೋಟೋ ಕೊಡ್ತೀನಿ ಅಂದೆ. ನನಗ ಗಂಡ ಆದ್ರ ಅವಗ ಅಪ್ಪ, ಬ್ಯಾಡ ಅನ್ನಾಕ ನಾ ಯಾರು?

ಮಗ ಪಡಸಾಲ್ಯಾಗ ತಿರುಗಾಡಕೋತ ಭಾಷಣ ತಯಾರಿ ನಡೆಸಿದ. ಮನ್ಯಾಗ ನಮ್ಮಂಗ ಮಾತಾಡವ, ಸ್ಟೇಜಿಗೆ ಬ್ಯಾರೆ ಕನ್ನಡ ಇಟ್ಟುಕೊಂಡಾನ. "ಇನ್ನೊಂದು ದೇಶದ ಗುಡ್ಡದಲ್ಲಿ ಕುಳಿತು ನಮ್ಮ ಮಾರುಕಟ್ಟೆಗೆ ಬಾಂಬ್ ಕಳಿಸುವವನಿಗೆ ಯಾವ ಪೊಲೀಸ್ ಸಮನ್ಸ್ ಮುಟ್ಟಿಸುತ್ತಾನೆ? ಆ ದೇಶ ಅವನನ್ನು ಹಿಡಿದು ಕೊಡುವುದಿಲ್ಲ. ಸೈನಿಕರನ್ನು ಕಳಿಸಿದರೆ ನಮ್ಮ ಮಕ್ಕಳು ಸಾಯುತ್ತಾರೆ. ಆತ್ಮರಕ್ಷಣೆ ಪ್ರತಿಯೊಂದು ದೇಶದ ಹಕ್ಕು." ಕೇಳಾಕ ಚೊಲೋನ ಇತ್ತು, ಖರೇನೂ ಇತ್ತು. ನಾ ಒಳಗಿಂದ ಹೂಂ ಹೂಂ ಅನಕೋತ ಪಲ್ಯಾ ಹೆಚ್ಚಾಕತ್ತಿದ್ದೆ. ಆವಾಗ ಬಂತು ನೋಡ್ರಿ ಆ ಸಾಲು. "ನೂರು ಜೀವ ಉಳಿಯುವಲ್ಲಿ ತಪ್ಪಾಗಿ ಒಂದು ಜೀವ ಹೋದರೆ, ಅದು ಯುದ್ಧದಲ್ಲಿ ನಾವು ತೆರಲೇಬೇಕಾದ ಬೆಲೆ."

ನಾ ಚಾಕು ಇಟ್ಟು ಹೊರಗ ಬಂದೆ. "ಆ ಸಾಲು ತಗದು ಒಗಿ."

"ಯಾಕವ್ವಾ? ಅದ ನನ್ನ ವಾದದ ಜೀವಾಳ."

"ಕೇಳಾಕ ನಿಮ್ಮ ಮಾಮ ಬರ್ತಾನ."

"ಬರ್ಲಿ. ಮಾಮಗೇನು ಅದರಿಂದ?" ಅಂದು ನಕ್ಕ. ನಾ ಹೊಳ್ಳಿ ಪಲ್ಯಾ ಹೆಚ್ಚಾಕ ಹೋದೆ. ಹುಡುಗಗ ಹೇಳಂಗಿಲ್ಲ ಅಂತ ಆ ಮಾಮಗ ಆಣಿ ಮಾಡಿದ್ದೆ, ಹ್ಯಾಂಗ ಹೇಳಲಿ?

ಮಾಮ ಅಂದ್ರ ನನ್ನ ಅಣ್ಣ. ಕಲಬುರಗಿ ಕಡೆ ನಮ್ಮೂರಾಗ ಮನಿ ಕಟ್ಟೂ ಗೌಂಡಿ ಕೆಲಸ ಮಾಡ್ತಾನ. ಗಂಡ ಹೋದ ಮ್ಯಾಲ ತಿಂಗಳಾ ತಪ್ಪದ ಹೈದರಾಬಾದಿಗೆ ಬಂದು ಹೋಗವ. ಮಗ ಸೈಕಲ್ ಕಲಿತದ್ದು ಅಂವ ಹಿಂದ ಓಡಿದ್ದಕ್ಕ, ಮೊದಲ ಸಲ ಮೀಸಿ ತಗದದ್ದು ಅವನ ರೇಜರಿನಿಂದ. ನನ್ನ ಮಗಗ ಅಪ್ಪನ ನೆನಪಿಲ್ಲ, ಭಾಳ ಸಣ್ಣಂವ ಇದ್ದ. ಅಪ್ಪ ಅಂದ್ರ ಏನು ಅಂತ ತಿಳದದ್ದು ನನ್ನ ಅಣ್ಣನಿಂದ.

ಆ ಅಣ್ಣಗ ಒಂದು ಚಾಳಿ ಐತಿ. ಊರಿಂದ ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡು ಬರ್ತಾನ. ಆ ಗಂಟನ್ನ ಹೈದರಾಬಾದಿನ್ಯಾಗ ಎಲ್ಲೂ ಕೆಳಗಿಡಂಗಿಲ್ಲ. ಬಸ್ಸಿನ್ಯಾಗ ತೊಡಿ ಮ್ಯಾಲ, ಸ್ಟಾಪಿನ್ಯಾಗ ಹೆಗಲ ಮ್ಯಾಲ. ನಮ್ಮ ಬಾಗಿಲಿಗೆ ಬಂದ ಮ್ಯಾಲೂ ನಾ ಕೈಯಿಂದ ಇಸಗೊಳ್ಳೂತನಕ ಹಂಗ ನಿಲ್ತಾನ. "ಮಾಮಾ, ಗಂಟಿನ್ಯಾಗ ಬಂಗಾರ ತಂದೀಯೇನು?" ಅಂತ ಮಗ ಕಾಡಸ್ತಿದ್ದ. "ಹೂಂ, ನಿನ್ನ ಹೇಂತಿಗೆ ಮಾಡಿಸಿಟ್ಟೀನಿ" ಅಂತ ಅಂವ. ಇಬ್ಬರೂ ನಗ್ತಿದ್ರು. ನನಗ ನಗಿ ಬರ್ತಿದ್ದಿಲ್ಲ.

ನಮ್ಮ ಕಡೆ ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ. ಬೀಗರು, ಬಳಗದವರು ಬುತ್ತಿ ಕಟಗೊಂಡು ಬರಬೇಕು. ಅದರಾಗ ತವರಮನಿ ಬುತ್ತಿ ಮೊದಲು. ಆ ಬುತ್ತಿಗೆ ಸೂತಕ ಇರ್ತೈತಿ. ಅದನ್ನ ತಗೊಂಡು ಇನ್ನೊಬ್ಬರ ಹೊಸ್ತಿಲ ಮೆಟ್ಟಂಗಿಲ್ಲ, ಅಂಗಡಿ ಮುಂದೂ ಇಡಂಗಿಲ್ಲ, ದಾರ್‍ಯಾಗ ಬ್ಯಾರೆಯವರ ಕೈ ಮುಟ್ಟಿಸಂಗಿಲ್ಲ. ನಮ್ಮ ಅವ್ವ ಅಳಕೋತ ಬಡದ ರೊಟ್ಟಿ, ಸ್ಟೀಲ್ ಡಬ್ಬಿಯೊಳಗ ಬ್ಯಾಳಿ, ಎಲ್ಲಾ ಹಳೀ ಧೋತರದಾಗ ಕಟ್ಟಿ ಅಣ್ಣ ಸುದ್ದಿ ತಿಳದ ದಿನಾನ ಬಸ್ ಹತ್ತಿದ. ಅಲ್ಲಿತನಕ ಅಂವ ಹೈದರಾಬಾದಿಗೆ ಒಬ್ಬನ ಬಂದಾವಲ್ಲ. ದೊಡ್ಡ ಬಸ್ ಸ್ಟ್ಯಾಂಡಿನ್ಯಾಗ ಇಳದು, ಸಿಟಿ ಬಸ್ ಹಿಡದು, ಗೊತ್ತಾಗದ ಬ್ಯಾರೆ ಸ್ಟಾಪಿಗೆ ಇಳದ. ನಮ್ಮ ಬಾಜೂ ಮನಿಯವರಿಗೆ ಫೋನ್ ಮಾಡಬೇಕಂತ ಒಂದು ಅಂಗಡಿ ನೋಡಿದ. ಸೂತಕದ ಬುತ್ತಿ ಹಿಡಕೊಂಡು ಅಂಗಡಿಯೊಳಗ ಹ್ಯಾಂಗ ಹೋಗೂದು? ಪಾಪದವ, ಆ ಅಂಗಡಿಯವಗ ಕೆಟ್ಟದ್ದಾಗಬಾರದು ಅಂತ ಗಂಟನ್ನ ಮಂದಿಯಿಂದ ದೂರ ಒಂದು ಗಿಡದ ಬುಡಕ್ಕ ಇಟ್ಟ. ನಾಯಿ ಬಾಯಿ ಹಾಕೀತು ಅಂತ ಅಂಗಡ್ಯಾಗಿಂದ ಹೊಳ್ಳಿ ಹೊಳ್ಳಿ ನೋಡಿದ.

ಬಾಂಬ್ ಸಿಡದು ಇನ್ನೂ ರಕ್ತ ಆರಿದ್ದಿಲ್ಲ. ಊರೆಲ್ಲಾ ಹೆದರಿತ್ತು. ಯಾರೋ ಒದರಿದ್ರು, ಮಂದಿ ಕೂಡಿತು, ಪೊಲೀಸರು ಬಂದ್ರು. ಒಬ್ಬಾಂವ ಬಡಿಗಿಯಿಂದ ಗಂಟು ತಿವ್ಯಾಕ ಹೋದಾಗ ಅಣ್ಣ ಓಡಿ ಬಂದ. ಅವನ ತಲ್ಯಾಗ ಇದ್ದದ್ದು ಒಂದ ಮಾತು. ಸೂತಕದ ಬುತ್ತಿಗೆ ಹೊರಗಿನವರ ಕೈ ಹತ್ತಬಾರದು. ತನಗ ಬರೂ ಹರಕು ಹಿಂದಿಯೊಳಗ ಜೋರಾಗಿ ಒದರಿದ: "ಹಾಥ್ ಮತ್ ಲಗಾವ್! ಮುಟ್ಟಬ್ಯಾಡ್ರಿ!"

ಇನ್ನೇನು ಬೇಕು ಹೇಳ್ರಿ? ಗಡ್ಡ ಬಿಟ್ಟ ಪರಊರಿನ ಮನಷ್ಯಾ. ಗಂಟು ಇಟ್ಟು ದೂರ ಹೋದ. ಹೊಳ್ಳಿ ಹೊಳ್ಳಿ ನೋಡಿದ. ಫೋನಿಗೆ ಕೈ ಹಾಕಿದ. ಮುಟ್ಟಬ್ಯಾಡ್ರಿ ಅಂದ. ನಾ ಪೊಲೀಸ್ ಇದ್ರ ನಾನೂ ಹಿಡೀತಿದ್ನೋ ಏನೋ. ಮೊದಲ ಮಂದಿ ಬಡೀತು, ಆಮ್ಯಾಲ ಪೊಲೀಸರು. ಒಬ್ಬಾಂವ ಕಪಾಳಕ್ಕ ಹೊಡದ ಹೊಡತಕ್ಕ ಅಣ್ಣನ ಎಡಗಿವಿ ಹೋತು, ಮತ್ತ ಬರಲೇ ಇಲ್ಲ. ಬಾಂಬ್ ಸ್ಕ್ವಾಡಿನವರು ಬಂದು ಗಂಟನ್ನ ಸಿಡಿಸಿದ್ರು. ರಸ್ತೆ ತುಂಬ ರೊಟ್ಟಿ ಚೂರು, ಬ್ಯಾಳಿ. ಟಿವಿಯವರು ಅಷ್ಟರಾಗ ಅಣ್ಣನ ಮಾರಿಗೆ ಬಟ್ಟಿ ಮುಚ್ಚಿದ್ದನ್ನ ತೋರಿಸಿ ಶಂಕಿತ ಸಿಕ್ಕಾ ಅಂತ ಕುಣ್ಯಾಕ ಹತ್ತಿದ್ರು. ಆ ಹೊತ್ತಿನ್ಯಾಗ ನನ್ನ ಮನ್ಯಾಗ ಟಿವಿ ಹಚ್ಚಿತ್ತು. ಬಾಜೂ ಮನಿಯವರು ನನ್ನ ಕರದು, "ನೋಡವಾ, ನಿನ್ನ ಗಂಡನ್ನ ಕೊಂದಾಂವ" ಅಂತ ತೋರಿಸಿದ್ರು. ನಾ ಆ ಬಟ್ಟಿ ಮುಚ್ಚಿದ ಮಾರಿಗೆ ಶಾಪ ಹಾಕಿದೆ. ಅಂವ ನನಗ ಬುತ್ತಿ ತಂದಾವಿದ್ದ.

ಒಬ್ಬ ವಯಸ್ಸಾದ ಕಾನ್‌ಸ್ಟೇಬಲ್ ರಸ್ತ್ಯಾಗಿನ ಚೂರೊಂದನ್ನ ಎತ್ತಿ ಮೂಗಿಗೆ ಹಿಡದು, "ಜೊನ್ನ ರೊಟ್ಟೆ" ಅಂದನಂತ, ತೆಲುಗಿನ್ಯಾಗ ಜ್ವಾಳದ ರೊಟ್ಟಿ. ಆಮ್ಯಾಲನ ಅಣ್ಣನ್ನ ಕುಂದರಿಸಿ, ನೀರು ಕೊಟ್ಟು, ಎಲ್ಲಿಗೆ ಹೊಂಟಿ, ಯಾರ ಮನಿಗೆ ಅಂತ ಕೇಳಿದ್ರು. ಆದ್ರೂ ಎಲ್ಲಾ ತಪಾಸ ಮಾಡಿ ಬಿಡೂದ್ರಾಗ ಗಂಡನ ಮೂರನೇ ದಿನದ ಕಾರ್ಯ ಮುಗದಿತ್ತು. ಅಣ್ಣ ಬಾಗಿಲಿಗೆ ಬಂದು ನಿಂತಾಗ ಕೈ ಖಾಲಿ ಇತ್ತು. ಕಿವಿ ಹೋತು ಅಂತ ಅಳಲಿಲ್ಲ. "ತಂಗೀ, ನಿನಗ ತವರಮನಿ ಬುತ್ತಿ ಮುಟ್ಟಲಿಲ್ಲ ನೋಡು" ಅಂತ ಅತ್ತ. ಹುಡುಗಗ ಇದನ್ನ ಎಂದೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡ. ಅವರಪ್ಪನ್ನ ಕೊಂದಾಂವ ಅಂತ ತನ್ನ ಹಿಡದಿದ್ರು ಅನ್ನೂದು ಅವನ ತಲ್ಯಾಗ ಇರಬಾರದಂತ. ಕಿವಿ ಯಾಕ ಕೇಳಂಗಿಲ್ಲ ಅಂದ್ರ ಚಕ್ಕಡಿಯಿಂದ ಬಿದ್ದೆ ಅಂತ ಹೇಳಕೋತ ಬಂದ.

ಭಾಷಣದ ತಯಾರಿ ನಡದಾಗ ಮಗ ನನಗೊಂದು ವಿಡಿಯೋ ತೋರಿಸಿದ. "ನೋಡವ್ವಾ, ಎಷ್ಟು ಸ್ಪಷ್ಟ ಕಾಣ್ತೈತಿ." ಕರಿ ಬಿಳಿ ಚಿತ್ರ, ಭಾಳ ಎತ್ತರದಿಂದ ತಗದದ್ದು. ಒಬ್ಬ ಮನಷ್ಯಾ ರಸ್ತೆ ಬಾಜೂಕ ಏನೋ ಇಟ್ಟ, ನಡದ, ಹೊಳ್ಳಿ ನೋಡಿದ. ಪರದೆ ಬೆಳ್ಳಗಾತು. ಮತ್ತ ಕಾಣಿಸೂದ್ರಾಗ ಅಲ್ಲಿ ಮನಷ್ಯಾನೂ ಇಲ್ಲ, ಗಂಟೂ ಇಲ್ಲ. ವಿಡಿಯೋದ ಕೆಳಗ ಮಂದಿ ಚಪ್ಪಾಳಿ ಚಿತ್ರ ಹಾಕಿ ಖುಷಿ ಪಟ್ಟಿದ್ರು. ದೂರದ ಬಸ್ಸಿನ್ಯಾಗ ಕುಂತು ಕಾಲು ಹಿಡಕೊಂಡವರು ನಡದಂಗ ನಡದಿದ್ದ ಆ ಮನಷ್ಯಾ.

ಅಣ್ಣಗ ಫೋನ್ ಹಚ್ಚಿದೆ. ಹುಡುಗ ಹಿಂಗಿಂಗ ಮಾತಾಡವ ಅದಾನ, ಆಣಿ ಬಿಡು, ನಾ ಹೇಳಿಬಿಡ್ತೀನಿ ಅಂದೆ. ಅಂವ, "ಅಂದ್ರ ಅನ್ಲಿ ಬಿಡ ತಂಗಿ. ಅವಗ ಗೊತ್ತಿಲ್ಲ. ನಾ ಮುಂದ ಕುಂತು ಕೇಳ್ತೀನಿ. ಒಂದು ಕಿವಿ ಐತಲ್ಲ, ಸಾಕು" ಅಂದ. ನನಗ ಸಿಟ್ಟು ಅಂದ್ರ ಸಿಟ್ಟು. ಇಂಥ ಒಳ್ಳೆತನ ಯಾರಿಗೆ ಬೇಕಾಗೈತಿ?

ಸ್ಪರ್ಧೆ ದಿನ ಅಣ್ಣ ಬಸ್ ಇಳದು ಸೀದಾ ಸಂಘದ ಹಾಲಿಗೇ ಬಂದ, ಹೆಗಲ ಮ್ಯಾಲ ಗಂಟು. ಮೊದಲನೇ ಸಾಲಿನ್ಯಾಗ ಬಲಗಿವಿ ಸ್ಟೇಜಿನ ಕಡೆ ಬರೂಹಂಗ ಓರೆಯಾಗಿ ಕುಂತ. ಮೇಜಿನ ಮ್ಯಾಲ ನನ್ನ ಗಂಡ, ಕೊರಳಾಗ ಸೇವಂತಿ ಹಾರ. ಬಾಜೂಕ ಬಹುಮಾನಕ್ಕಂತ ಬೇಗಂ ಬಜಾರಿನ ಭಾಂಡೆ ವ್ಯಾಪಾರಿಯೊಬ್ಬರು ಕೊಟ್ಟ ದೊಡ್ಡ ಸ್ಟೀಲ್ ಡಬ್ಬಿಗಳು. ಅಧ್ಯಕ್ಷರು ನಿವೃತ್ತ ವಕೀಲರು.

ಮೊದಲ ವಿರೋಧದ ಕಡೆಯಿಂದ ಒಬ್ಬಾಕಿ ಮಾತಾಡಿದ್ಲು, ಲಾ ಕಾಲೇಜಿನ್ಯಾಗ ಪಾಠ ಮಾಡಾಕಿ. ಸಾಯಬೇಕಾದವರ ಹೆಸರು ಯಾರು ಬರೀತಾರ, ಯಾವ ಕೋರ್ಟ್ ನೋಡ್ತೈತಿ, ಯುದ್ಧನ ಇಲ್ಲದ ಜಾಗದಾಗ ಯುದ್ಧದ ಕಾನೂನು ಹ್ಯಾಂಗ ನಡೀತೈತಿ, ಇನ್ನೊಂದು ದೇಶದ ಆಕಾಶದಾಗ ಹೇಳದ ಕೇಳದ ಹೋಗಬಹುದೇನು ಅಂತ ಒಂದೊಂದ ಕೇಳಿದ್ಲು. ಅಲ್ಲಿ ಸತ್ತವರನ್ನ ಗಂಡಸು ಅನ್ನೂ ಒಂದ ಕಾರಣಕ್ಕ ಶತ್ರು ಅಂತ ಎಣಿಸಿದ್ರ ಹ್ಯಾಂಗ ಅಂದ್ಲು. ನಾ ತಲಿ ಆಡಿಸಿದೆ. ಅಷ್ಟರಾಗ ಫೋಟೋ ಕಡೆ ಕೈ ಮಾಡಿ, "ಸಂತ್ರಸ್ತರ ಆಕ್ರೋಶ ಕಾನೂನಿಗೆ ಆಧಾರವಾಗಬಾರದು" ಅಂದ್ಲು. ಏನವಾ ಇಕಿ! ನಾ ಸಿಟ್ಟಾಗಬೇಕಂದ್ರ ಇಕಿ ಅಪ್ಪಣಿ ಬೇಕೇನು? ನನ್ನ ಸಿಟ್ಟಿಗೆ ಕಣ್ಣು ಕುರುಡು ಅಂತ ಇಕಿಗೆ ಯಾರು ಹೇಳಿದ್ರು?

ಆಮ್ಯಾಲ ಮಗ ಎದ್ದ. ಚೆಂದ ಮಾತಾಡಿದ, ಸುಳ್ಳ್ಯಾಕ ಹೇಳಲಿ. ಅಪ್ಪನ ಚಪ್ಪಲಿ ಕತಿ ಹೇಳಿದಾಗ ಹಿಂದಿನ ಸಾಲಿನವರೂ ಮುಂದ ಬಗ್ಗಿ ಕೇಳಿದ್ರು. ವಿಡಿಯೋದ ಮನಷ್ಯಾನ ವಿಷಯ ತಗದ. "ಒಬ್ಬ ಅಪರಿಚಿತ ಗಂಟನ್ನು ಇಟ್ಟು ದೂರ ಸರಿಯುತ್ತಾನೆ. ಮತ್ತೆ ಮತ್ತೆ ತಿರುಗಿ ನೋಡುತ್ತಾನೆ. ಇದನ್ನೆಲ್ಲ ಕಂಡ ಮೇಲೂ ಸರ್ಕಾರ ಅವನ ವಿಳಾಸ ಕೇಳುತ್ತ ಕೂರಬೇಕೆ?" ಚಪ್ಪಾಳಿ ಬಿತ್ತು. ಆಮ್ಯಾಲ ಆ ಸಾಲೂ ಅಂದ, ನೂರು ಜೀವ, ಒಂದು ಜೀವ, ಬೆಲೆ. ಅಣ್ಣ ತೊಡಿ ಮ್ಯಾಲಿನ ಗಂಟಿನ ಕಟ್ಟು ಬಿಚ್ಚಿ ಮತ್ತ ಕಟ್ಟಿದ. ಇನ್ನೊಂದು ಸಲ ಬಿಚ್ಚಿ ಕಟ್ಟಿದ. ಅದನ್ನ ನೋಡಿ ನನಗ ಕುಂದ್ರಾಕ ಆಗಲಿಲ್ಲ.

ಎದ್ದೆ. "ತಾಯಿ, ಪ್ರಶ್ನೆಗಳು ಕೊನೆಗೆ" ಅಂದ್ರು ಅಧ್ಯಕ್ಷರು.

"ಫೋಟೋ ಮೊದಲ ಇಟ್ಟೀರಿ, ಪ್ರಶ್ನಿ ಯಾಕ ಕೊನಿಗೆ?" ಅಂದು ಸ್ಟೇಜು ಹತ್ತಿದೆ. ಮಗನ ಮುಂದ ನಿಂತೆ. "ಆ ಮನಷ್ಯಾ ಇಟ್ಟ ಗಂಟಿನ್ಯಾಗ ಏನಿತ್ತು?"

"ಅವ್ವಾ, ಈಗ ಬ್ಯಾಡ," ಅಂತ ಅಂವ ಮೆಲ್ಲಕ ಅಂದ.

"ವಕೀಲ ಆಗಾಂವ ಅದೀಯಲ್ಲ, ಹೇಳು. ಏನಿತ್ತು?"

"ಗೊತ್ತಿಲ್ಲ."

"ಯಾರರ ಬಿಚ್ಚಿ ನೋಡಿದ್ರೇನು?"

ಅಂವ ಮೈಕು ಕೆಳಗ ಮಾಡಿದ. ನಾ ಆಣಿ ಮುರದೆ. ಗಿಡದ ಬುಡದಿಂದ ಹಿಡದು ಖಾಲಿ ಕೈತನಕ ಎಲ್ಲಾ ಹೇಳಿದೆ, ನಮ್ಮ ಭಾಷಾದಾಗನ ಹೇಳಿದೆ. "ಅವನ ಕಪಾಳಕ್ಕ ಹೊಡದ ಪೊಲೀಸನ್ನ ನಾ ಇವತ್ತಿನತನಕ ಕ್ಷಮಿಸಿಲ್ಲ. ಆದ್ರ ಹೊಡ್ಯಾಕರ ಅಂವ ಕೈಗೆ ಸಿಗೂವಷ್ಟು ಹತ್ರ ಬರಬೇಕಾತು. ಹತ್ರ ಬಂದದ್ದಕ್ಕ ಇನ್ನೊಬ್ಬಗ ರೊಟ್ಟಿ ವಾಸನಿ ಬಡೀತು. ನಿನ್ನ ಡ್ರೋನಿಗೆ ವಾಸನಿ ಬರ್ತೈತೇನಪಾ? ಆ ದಿನ ಅದು ಮ್ಯಾಲಿದ್ದಿದ್ರ ನಾ ಟಿವಿ ಮುಂದ ಕುಂತು ನನ್ನ ಅಣ್ಣ ಸತ್ತದ್ದಕ್ಕ ಚಪ್ಪಾಳಿ ತಟ್ಟತಿದ್ದೆ. ಚೊಲೋ ಆತು, ಪೀಡಾ ಹೋತು ಅಂತಿದ್ದೆ. ನನಗ ಗೊತ್ತೂ ಆಗ್ತಿದ್ದಿಲ್ಲ. ನಿನ್ನ ಆ ಒಂದು ಜೀವ ಅಲ್ಲಿ ಮೊದಲನೇ ಸಾಲಿನ್ಯಾಗ ಕುಂತೈತಿ, ನೋಡು."

ಎಲ್ಲಾರೂ ತಿರುಗಿ ನೋಡಿದ್ರು. ಆ ಕುರ್ಚಿ ಖಾಲಿ ಇತ್ತು. ಅಣ್ಣ ಗಂಟು ಎತ್ತಿಕೊಂಡು ಯಾವಾಗೋ ಹೊರಗ ಹೋಗಿದ್ದ.

"ನಿಮ್ಮ ಭಾವನೆ ನಮಗೆ ಅರ್ಥವಾಗುತ್ತೆ ತಾಯಿ" ಅಂದ್ರು ಅಧ್ಯಕ್ಷರು. ಅರ್ಥ ಆಗೂದು ಇವರಿಗೆ ಭಾವನಿ ಒಂದ. ನಾ ಹೇಳಿದ್ದು ಭಾವನಿ ಅಲ್ಲ, ನಡದದ್ದು. ನಾ ಹಾರ ತಗದು ಮೇಜಿನ ಮ್ಯಾಲ ಬಿಟ್ಟು, ಗಂಡನ ಫೋಟೋ ಕಂಕುಳಾಗ ಇಟಗೊಂಡು ಇಳದೆ.

ಅಣ್ಣ ಬಸ್ ಸ್ಟಾಪಿನ್ಯಾಗ ನಿಂತಿದ್ದ. ನನ್ನ ನೋಡಿದ ಕೂಡಲೇ ಹರಿಹಾಯ್ದ. "ಮಂದ್ಯಾಗ ನನ್ನ ಮಾನ ಕಳದಿ. ಹುಡುಗ ಇನ್ನ ನನ್ನ ಮಾರಿ ಹ್ಯಾಂಗ ನೋಡ್ತಾನ? ಆಣಿ ಅಂದ್ರ ನಿನಗ ಆಟ ಅನಸ್ತೇನು?"

"ನನಗ ಸಿಟ್ಟು ಬಂದಿತ್ತಣ್ಣಾ."

"ನಿನಗ ಯಾವಾಗ ಬರೂದಿಲ್ಲ, ಹೇಳು."

ಅವನ ಸಿಟ್ಟು ಖರೇ ಇತ್ತು. ನನ್ನದೂ ಖರೇ ಇತ್ತು. ಇಬ್ಬರೂ ಬ್ಯಾರೆ ಬ್ಯಾರೆ ಕಡೆ ನೋಡಕೋತ ನಿಂತ್ವಿ. ಆಟೋದವರು ಬಂದು ಕೇಳಿ ಹೋದ್ರು.

ಹೊತ್ತು ಮುಳಗೂ ಮುಂದ ಮಗ ಬಂದ. ಕೈಯಾಗ ಪ್ಲಾಸ್ಟಿಕ್ ಚೀಲ, ಅದರಾಗ ಸ್ಟೀಲ್ ಡಬ್ಬಿ. ಮೊದಲ ಬಹುಮಾನ ಅವಗನ ಕೊಟ್ಟಿದ್ರು. ನಾ ಹೇಳಿದ್ದೆಲ್ಲಾ ಕೇಳಿದ ಮ್ಯಾಲೂ ಕೊಟ್ಟಿದ್ರು. ವಾದ ಚೊಲೋ ಮಂಡಿಸಿದಾನ ಅಂತ ಶಾಲು ಬ್ಯಾರೆ ಹೊದಿಸಿದ್ರು. ಅಂವ ಆ ಶಾಲು ಮುದ್ದಿ ಮಾಡಿ ಚೀಲದಾಗ ತುರುಕಿದ್ದ.

"ಮಾಮಾ," ಅಂದ. ಎಡಗಿವಿ ಕಡೆ ನಿಂತಿದ್ದ, ಅದು ಹೊಳದು ಬಲಗಡೆ ಬಂದ. "ಮಾಮಾ, ಕಿವಿ..."

"ಚಕ್ಕಡಿಯಿಂದ ಬಿದ್ದಿದ್ದೆ ಅಂತ ಹೇಳಿದ್ನಲ್ಲ," ಅಂದ ಅಣ್ಣ, ರಸ್ತೆ ಕಡೆ ನೋಡಕೋತ.

ಮಗಗ ಅಲ್ಲಿ ನಿಲ್ಲಾಕ ಆಗಲಿಲ್ಲ. ಕಣ್ಣು ತುಂಬಿದ್ದು ನಮಗ ಕಾಣಬಾರದು ಅಂತ, ನೀರಿನ ಬಾಟ್ಲಿ ತರ್ತೀನಿ ಅಂದು, ಚೀಲನ್ನ ಸ್ಟಾಪಿನ ಬೆಂಚಿನ ಮ್ಯಾಲಿಟ್ಟು ಎದುರಿನ ಅಂಗಡಿ ಕಡೆ ಹೊಂಟ. ರಸ್ತೆ ನಡುವ ಹೋಗಿ ನಮ್ಮ ಕಡೆ ಹೊಳ್ಳಿ ನೋಡಿದ.

"ಲೇ! ಬಾ ಇಲ್ಲೆ! ಎತ್ತೋ ಅದನ್ನ!" ಅಣ್ಣ ಒದರಿದ ದನಿಗೆ ಸ್ಟಾಪಿನ ಮಂದಿ ಎಲ್ಲಾ ಬೆಚ್ಚಿ ನೋಡಿತು. ಅವನ ಎರಡೂ ಕೈಯಾಗ ಗಂಟು ಇತ್ತು, ಕೆಳಗಿಡಂಗಿಲ್ಲ, ಗದ್ದ ಎತ್ತಿ ಬೆಂಚಿನ ಮ್ಯಾಲಿನ ಚೀಲ ತೋರಿಸಾಕತ್ತಿದ್ದ. ಮಗ ಓಡಿ ಬಂದ. "ಇಟ್ಟು ಹೋಗಬ್ಯಾಡೋ ಮಗಾ. ಇಟ್ಟು ಹೋಗಿ ಹೊಳ್ಳಿ ನೋಡಬ್ಯಾಡ. ನಿನಗೇನರ ಆದ್ರ, ನಿಮ್ಮವ್ವಗ ಮತ್ತ ಬುತ್ತಿ ಕಟಗೊಂಡು ಬರೂದು ನನ್ನ ಕಡಿಂದ ಆಗಂಗಿಲ್ಲ."

ಮಗ ಚೀಲ ಎತ್ತಿ ಎದಿಗೆ ಅವಚಿಕೊಂಡ. ಮಲ್ಕಾಜ್‌ಗಿರಿ ಬಸ್ ಬರೂತನಕ ಅಂವ ಅದನ್ನ ಕೆಳಗಿಡಲಿಲ್ಲ.